ಪಂಪಣ್ಣನ ಕಾರಿನ ದೊಡ್ಡ ಬ್ಯಾಟರಿ

ಶಹಾಪುರದ ಬಸ್ ಸ್ಟ್ಯಾಂಡಿನ ಎದುರು, ಬೇವಿನ ಮರದ ಕೆಳಗೆ ಪಂಪಣ್ಣನ ಹಳೆಯ ಅಂಬಾಸಿಡರ್ ಕಾರು ನಿಲ್ಲುತ್ತಿತ್ತು. ಕಾಲುವೆ ನೀರು ಬಂದು ಸುತ್ತಲಿನ ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದ ಕಾಲ ಅದು. ಮದುವೆಗೆ ಎತ್ತಿನ ಗಾಡಿ ಸಾಲದು, ಕಾರೇ ಬೇಕು ಎಂದು ಎಲ್ಲರಿಗೂ ಅನ್ನಿಸತೊಡಗಿತ್ತು. ಪಂಪಣ್ಣನನ್ನು ಕರೆದರೆ ಕಾರಿನ ಜೊತೆಗೆ ಮೈಕೂ ಬರುತ್ತಿತ್ತು. ಊರ ಕರೆಂಟನ್ನು ಯಾರು ನಂಬಬೇಕು? ಮೈಕಿನ ವೈರನ್ನು ಕಾರಿನ ಬ್ಯಾಟರಿಗೇ ಸಿಕ್ಕಿಸಿ, ಮದುಮಕ್ಕಳ ತಲೆಮೇಲೆ ಅಕ್ಕಿಕಾಳು ಬೀಳುವವರೆಗೂ ಹಾಡು ಹಚ್ಚುತ್ತಿದ್ದ.

ಮನುಷ್ಯ ಒಳ್ಳೆಯವನು, ಆದರೆ ಬಲು ಜಂಬದವನು. ಕಾರಿನ ಬಗ್ಗೆ ಯಾರಾದರೂ ಹಗುರವಾಗಿ ಆಡಿದರೆ ವಾರಗಟ್ಟಲೆ ಅವರ ಜೊತೆ ಮಾತು ಬಿಡುತ್ತಿದ್ದ. ಮದುವೆ ಮುಗಿಯುವ ಹೊತ್ತಿಗೆ ನಿನ್ನ ಮೈಕಿನ ದನಿ ಕುಗ್ಗುತ್ತದೆ ಎಂದು ಯಾರೋ ಕೆಣಕಿದ್ದೇ ನೆಪವಾಗಿ, ಕಾರಿನ ಬ್ಯಾಟರಿ ತೆಗೆದು ಟ್ರ್ಯಾಕ್ಟರಿನ ಬ್ಯಾಟರಿ ತಂದು ಕೂರಿಸಿದ. ಜಾಗ ಸಾಲದ್ದಕ್ಕೆ ಹಗ್ಗ ಬಿಗಿದು ಕಟ್ಟಿದ. ಬ್ಯಾಟರಿ ಅಂಗಡಿಯ ಸುಲ್ತಾನಸಾಬ ಅದನ್ನು ನೋಡಿ ಹಣೆ ಚಚ್ಚಿಕೊಂಡ. ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಆಲ್ಟರ್ನೇಟರ್. ನಮ್ಮ ಕಡೆ ಅದಕ್ಕೆ ಡೈನಮೊ ಎಂದೇ ಹೆಸರು.

“ನಿನ್ನ ಡೈನಮೊ ಸಣ್ಣ ಹೊಲಗಾಲುವಿ ಇದ್ದಂಗ, ಪಂಪಣ್ಣ. ಅದು ಬಿಡೂದು ಅಷ್ಟ ನೀರು. ನೀ ಕೆರಿ ದೊಡ್ಡದು ಮಾಡಿದ್ರ ತುಂಬೂದು ಹ್ಯಾಂಗೋ ಪುಣ್ಯಾತ್ಮ? ಹಾಡು ಹಚ್ಚಿ ಖಾಲಿ ಮಾಡ್ತಿ, ಊರಾಗ ಒಂದು ಸುತ್ತು ಹೊಡೆದು ನಿಲ್ಲಸ್ತಿ.”

“ದೊಡ್ಡದು ಯಾವತ್ತಿದ್ರೂ ದೊಡ್ಡದ ಬಿಡೋ, ಸುಲ್ತಾನ,” ಎಂದು ಪಂಪಣ್ಣ ಬಾನೆಟ್ ಮುಚ್ಚಿದ.

ಆ ಬೇಸಿಗೆಯಲ್ಲಿ ಕೆಂಭಾವಿಯಲ್ಲಿ ನಮ್ಮ ದೊಡ್ಡಪ್ಪನ ಮಗಳು ರೇಣಮ್ಮನ ಮದುವೆಯಾಯಿತು. ಗಂಡಿನವರು ಬಳಿಚಕ್ರದವರು. ಅವರನ್ನು ಕರೆತಂದ ಪಂಪಣ್ಣ ಮೈಕು ಹಚ್ಚಿದವನು ಊಟದ ಪಂಕ್ತಿ ಏಳುವವರೆಗೂ ನಿಲ್ಲಿಸಲಿಲ್ಲ. ಕೊನೆಗೆ ಅಳುತ್ತ ರೇಣಮ್ಮ ಕಾರು ಹತ್ತಿದಳು. ಪಂಪಣ್ಣ ಕೀಲಿ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಮತ್ತೆ ಟಕ್, ಅಷ್ಟೇ.

ರೇಣಮ್ಮನ ಅತ್ತೆ ಗೊಲ್ಲಾಳಮ್ಮ ಕಾರಿನ ಬಾಗಿಲ ಬಳಿಯೇ ನಿಂತಿದ್ದಳು. “ನಾವು ಬರುವಾಗ ಛಲೋ ಬಂತಲ್ಲ ಕಾರು? ಈಕಿ ಕಾಲಿಟ್ಟಳು, ಕೆಟ್ಟು ನಿಂತ್ತು ನೋಡ್ರಿ. ಎಂಥಾ ಕಾಲ್ಗುಣನೋ ಏನೋ!”

ಕಾಲ್ಗುಣ ಎಂಬ ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಮ್ಮೆ ಅಂಟಿತೆಂದರೆ ಮುಗಿಯಿತು. ಎಮ್ಮೆಯ ಹಾಲು ಬತ್ತಿದರೂ, ಮಾವನಿಗೆ ಹಲ್ಲುನೋವು ಬಂದರೂ ಸೊಸೆಯ ಕಾಲೇ ಕಾರಣ. ರೇಣಮ್ಮ ಅಳುವುದನ್ನು ನಿಲ್ಲಿಸಿ, ತನ್ನ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಪಂಪಣ್ಣ ಹಿಂದೆ ತಿರುಗಿದವನು ಅದನ್ನು ನೋಡಿದ.

ಅವನು ಕೆಳಗಿಳಿದ. “ತಪ್ಪು ಹುಡುಗಿದಲ್ರಿ ಯವ್ವಾ, ಬ್ಯಾಟ್ರಿ ಖಾಲಿ ಆಗ್ಯಾದ.”

“ಆಕಿ ಮಾನ ಉಳಸಾಕ ಸುಳ್ಳು ಹೇಳಬ್ಯಾಡ ನೀ.”

ಪಂಪಣ್ಣ ರೇಣಮ್ಮನನ್ನು ಇಳಿಸಿ, ಅತ್ತೆಗೆ ಕೈಮುಗಿದ. “ಹಂಗಾರ ನೀವು ಕೂಡ್ರಿ. ಮನಿ ತುಂಬಿಸಿದ ಕಾಲು ನಿಮ್ಮವು.”

ಗೊಲ್ಲಾಳಮ್ಮ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಕುಳಿತಳು. ಅವನು ಕೀಲಿ ತಿರುಗಿಸಿದ. ಟಕ್!

ಗುಂಪಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಪಂಪಣ್ಣ ಬಾನೆಟ್ ಎತ್ತಿ, ಹಗ್ಗ ಕಟ್ಟಿದ ಬ್ಯಾಟರಿಯನ್ನು ಎಲ್ಲರಿಗೂ ತೋರಿಸಿದ. “ಟ್ರ್ಯಾಕ್ಟರಿಂದು ತಂದು ಹಾಕೀನ್ರಿ. ಈ ಕಾರಿಗಿ ಇದು ಜೋಡಿ ಅಲ್ಲ. ಸುಲ್ತಾನಸಾಬ ಬ್ಯಾಡ ಅಂದ, ನಾ ಕೇಳಲಿಲ್ಲ. ನನ್ನ ಕಾರು, ನನ್ನ ಸೊಕ್ಕು. ಈ ಕೂಸಿಗಿ ಏನೂ ಅನಬ್ಯಾಡ್ರಿ.”

“ಮೊದಲ ಬಾಯಿ ಬಿಡಾಕ ಏನಾಗಿತ್ತು ನಿನಗ?” ಎಂದು ಗೊಲ್ಲಾಳಮ್ಮ ಗದರಿದಳು. ಗೆಳೆಯರ ಜೊತೆ ಮದುಮಗನೂ ಸೇರಿ ತಳ್ಳಿದ ಮೇಲೆ ಕಾರು ಹೊರಟಿತು. ಅವಳ ಬೈಗುಳ ಮಾತ್ರ ಶಹಾಪುರ ದಾಟುವವರೆಗೂ ನಿಲ್ಲಲಿಲ್ಲವಂತೆ.

ಪಂಪಣ್ಣನ ಕಾರು ಮದುವೆಯಲ್ಲಿ ಕೈಕೊಡುತ್ತದೆ ಎಂಬ ಸುದ್ದಿ ಸುರಪುರದವರೆಗೂ ಹಬ್ಬಿತು. ಅವನು ಸುಲ್ತಾನಸಾಬನ ಮಾತು ಕೇಳಿ ಕಾರಿಗೆ ತಕ್ಕ ಬ್ಯಾಟರಿ ಹಾಕಿಸಿದ, ಮೈಕಿಗೆ ಬೇರೆಯದೇ ಇಟ್ಟ. ಆದರೂ ಮದುವೆಗೆ ಯಾರೂ ಕರೆಯಲಿಲ್ಲ. ಬೇವಿನ ಕೆಳಗೆ ಸುಮ್ಮನೆ ಕಾರು ಒರೆಸುತ್ತ ಕೂತಿರುತ್ತಿದ್ದ.

ಮರುವರ್ಷ ರೇಣಮ್ಮನನ್ನು ಹೆರಿಗೆಗೆ ತವರಿಗೆ ಕರೆತರಬೇಕಾಯಿತು. ಪಂಪಣ್ಣನ ಕಾರೇ ಬರಬೇಕು ಎಂದು ಹೇಳಿ ಕಳಿಸಿದವಳು ಗೊಲ್ಲಾಳಮ್ಮ. ನಾವು ಬಳಿಚಕ್ರಕ್ಕೆ ಹೋದಾಗ ಅವಳು ಸೊಸೆಯ ತೋಳು ಹಿಡಿದು ಅಂಗಳಕ್ಕೆ ಬಂದಳು. ನಾನು ಕಾರಿನ ಬಾಗಿಲು ತೆಗೆಯಲು ಹೋದರೆ ತಡೆದಳು.

“ಆಕಿ ಹತ್ತೂಕಿಂತ ಮೊದಲ ಚಾಲೂ ಮಾಡು, ಪಂಪಣ್ಣ. ಯಾರೂ ಏನೂ ಅನಬಾರ್ದು.”

ಒಂದೇ ಸಲಕ್ಕೆ ಎಂಜಿನ್ ಚಾಲೂ ಆಯಿತು. ಗೊಲ್ಲಾಳಮ್ಮ ಸ್ವಲ್ಪ ಹೊತ್ತು ಅದರ ಸದ್ದು ಕೇಳುತ್ತ ನಿಂತಳು. ಆಮೇಲೆ ತಾನೇ ಬಾಗಿಲು ತೆಗೆದಳು.

“ಈಗ ಹತ್ತವ್ವಾ,” ಎಂದಳು.