ಹಿಂದಕ್ಕೆ ಮೂರು ಗೇರು, ಮುಂದಕ್ಕೆ ಒಂದು

ಮದುವೆಯಾಗಿ ಮಾಸ್ತಿಯಿಂದ ಬೈರಕೂರಿನ ಕಡೆಯ ಹಳ್ಳಿಗೆ ಬಂದಾಗ ನಮ್ಮ ಯಜಮಾನರ ಹತ್ತಿರ ಹರಾಜಿನಲ್ಲಿ ಹಿಡಿದ ಒಂದು ಮಿಲಿಟರಿ ಜೀಪಿತ್ತು. ಬೆಳಗ್ಗೆ ಅವರು ಸೀಟಿನಲ್ಲಿ ಕೂರುತ್ತಿದ್ದರು, ಎಂಜಿನ್ ಚಾಲೂ ಆಗಲು ನಾನು ಮುಂದೆ ನಿಂತು ಹ್ಯಾಂಡಲ್ ತಿರುಗಿಸುತ್ತಿದ್ದೆ. ಕೆಲವೇ ತಿಂಗಳಿಗೆ, ಎಪ್ಪತ್ತರ ದಶಕದ ಆ ದಿನಗಳಲ್ಲಿ, ಪೆಟ್ರೋಲ್ ದುಬಾರಿಯಾಗಿ ಅದು ಹುಣಸೆ ಮರದಡಿ ನಿಂತಿತು. ಕೋಳಿಗಳು ಅದರಲ್ಲಿ ಮೊಟ್ಟೆ ಇಡತೊಡಗಿದವು.

ಅಷ್ಟರಲ್ಲಿ ನಮ್ಮ ಬಾವಿಗೆ ಕರೆಂಟು ಬಂತು. ನೀರೆತ್ತುತ್ತಿದ್ದ ಡೀಸೆಲ್ ಎಂಜಿನ್ನಿಗೆ ಕೆಲಸ ತಪ್ಪಿತು.

"ಅದನ್ನ ಜೀಪಿಗೆ ಕೂರಿಸಿದ್ರೆ ಹೆಂಗೆ?" ಎಂದರು ಇವರು, ಮುದ್ದೆ ಮುರಿಯುತ್ತಾ.

"ಎಮ್ಮೆ ತಲೇನ ಎತ್ತಿಗೆ ಅಂಟಿಸ್ದಂಗೆ," ಎಂದರು ಅತ್ತೆ.

ಮುಳಬಾಗಿಲಿನ ಮೆಕ್ಯಾನಿಕ್ ಬಂದು ಎಂಟು ದಿನ ನಮ್ಮ ಅಂಗಳದಲ್ಲೇ ಕೆಲಸ ಮಾಡಿದ. ಎಂಜಿನ್ ಕೂತಿತು. ಆದರೆ ಅದರ ದಪ್ಪ ಚಕ್ರ ಮುಂದಕ್ಕೆ ಚಾಚಿಕೊಂಡು ಬಾನೆಟ್ ಮುಚ್ಚಲೇ ಇಲ್ಲ. ಅರ್ಧ ಊರು ನೋಡಲು ನೆರೆಯಿತು. ಇವರು ಮೊದಲನೇ ಗೇರು ಹಾಕಿದರು. ಜೀಪು ಹಿಂದಕ್ಕೆ ಹೊರಟು ಸೀದಾ ಹುಲ್ಲಿನ ಬಣವೆಗೆ ನುಗ್ಗಿತು.

"ಅರೆ, ಎನಕ್ಕಿ ಪೋತುಂದಣ್ಣಾ!" ಹಿಂದಕ್ಕೆ ಹೋಗುತ್ತಿದೆ ಎಂದು ಮೆಕ್ಯಾನಿಕ್ ತೆಲುಗಿನಲ್ಲಿ ಕೂಗಿಕೊಂಡ. "ಎರಡನೇದು ಹಾಕಿ ನೋಡಿ!"

ಎರಡನೆಯದಕ್ಕೆ ಜೀಪು ಬಣವೆಯೊಳಗೆ ಇನ್ನಷ್ಟು ಹೂತುಕೊಂಡಿತು.

ಹೊಸ ಸೊಸೆ, ಅಷ್ಟು ಜನರ ಮುಂದೆ ಮಾತಾಡಲೋ ಬೇಡವೋ ಎಂದುಕೊಂಡೇ ಹೇಳಿದೆ, "ರೀ, ಹಳೇ ಎಂಜಿನ್ ಹ್ಯಾಂಡಲ್ ನಾನು ಬಲಕ್ಕೆ ತಿರುಗಿಸ್ತಿದ್ದೆ. ಇದರ ಚಕ್ರ ಎಡಕ್ಕೆ ತಿರುಗ್ತಾ ಐತೆ."

ಮೆಕ್ಯಾನಿಕ್ ಚಕ್ರವನ್ನು ನೋಡಿದ, ನನ್ನನ್ನು ನೋಡಿದ, ತಲೆಯ ಮೇಲೆ ಕೈಯಿಟ್ಟು ಕೂತ. "ಅಕ್ಕ ಹೇಳಿದ್ದೇ ಸರಿ. ಹಿಂದುಮುಂದಾಗಿ ಕೂರಿಸಿಬಿಟ್ಟಿದೀನಿ."

ತಿರುಗಿಸಿ ಕೂರಿಸಲು ಕೋಲಾರದ ಲೇತಿನಲ್ಲಿ ಒಂದು ಹೊಸ ಭಾಗ ಕಡೆಸಬೇಕಿತ್ತು. ಅದಕ್ಕೆ ಒಂದು ವಾರ. ಮರುದಿನವೇ ಮುಳಬಾಗಿಲಿನಲ್ಲಿ ನಾದಿನಿಯ ಮಗುವಿಗೆ ನಾಮಕರಣ. ಬೆಳಗ್ಗೆ ನಾವು ಹೊರಡುವಷ್ಟರಲ್ಲಿ ಬಸ್ಸು ಕಣ್ಣೆದುರೇ ಹೋಗಿಬಿಟ್ಟಿತು.

"ರಿವರ್ಸ್ ಗೇರಲ್ಲಿ ಮುಂದಕ್ಕೆ ಹೋಗ್ತದಲ್ಲ, ಹತ್ರಿ," ಎಂದರು ಇವರು.

ಹತ್ತಿದೆವು. ಡಬ್ ಡಬ್ ಎನ್ನುತ್ತಾ ಜೀಪು ತೆವಳಿತು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಪಕ್ಕದಲ್ಲೇ ಬರುತ್ತಾ ಇವರೊಡನೆ ಹರಟಿ, ಕೊನೆಗೆ ಬೇಸರವಾಗಿ ಮುಂದೆ ಹೋದ. ಅತ್ತೆ ದಾರಿಯಲ್ಲಿ ಇಳಿದು ಬದನೆಕಾಯಿ ಚೌಕಾಸಿ ಮಾಡಿ, ಬಿರಬಿರನೆ ನಡೆದುಬಂದು ಮತ್ತೆ ಹತ್ತಿಕೊಂಡರು. ಜೀಪು ನಿಲ್ಲಲೇ ಇಲ್ಲ. ನಾನು ನಕ್ಕು ನಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅತ್ತೆಗೂ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ತಲುಪುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು. ಕಡೇ ಪಂಕ್ತಿಯಲ್ಲಿ ಊಟ ಸಿಕ್ಕಿತು.

ಮುಂದಿನ ವಾರ ಮೆಕ್ಯಾನಿಕ್ ಎಂಜಿನ್ ತಿರುಗಿಸಿ ಕೂರಿಸಿದ. ಎಂಬತ್ತರ ದಶಕದಲ್ಲೂ ಎಷ್ಟೋ ವರ್ಷ ಆ ಜೀಪು ನಮ್ಮ ಮಾವಿನಹಣ್ಣು ಹೊತ್ತಿತು. ಮೂರನೇ ಗೇರಿನಲ್ಲೂ ಅದರ ನಡಿಗೆ ನಿಧಾನವೇ. ಅತ್ತೆ ಮಾತ್ರ ಮತ್ತೆ ಬಸ್ಸು ಹತ್ತಲಿಲ್ಲ.

"ಬಸ್ಸು ಸುಮ್ನೆ ಓಡೋಗ್ತದೆ ಕಣೇ," ಎನ್ನುತ್ತಿದ್ದರು, "ಯಾರ ಹೊಲ್ದಾಗೆ ಏನು ಬೆಳೆದವ್ರೆ ಅಂತ ನೋಡಕ್ಕೇ ಆಗಲ್ಲ."