ಚಾಡಿ ಹೇಳುವ ತೂತು

ನಮ್ಮ ಮಾವನವರ ಕಿವಿಯೊಳಗಿನ ಮಸಿ ಯಾವ ಸೋಪಿಗೂ ಹೋಗುವುದಿಲ್ಲ. ಮದುವೆಯಾಗಿ ಬಂದ ಮೊದಲ ವಾರ ಊಟ ಬಡಿಸಲು ಬಗ್ಗಿದಾಗ ಅದು ಕಣ್ಣಿಗೆ ಬಿತ್ತು. ಅಂದು ನನಗೆ ಊಟ ಸೇರಲಿಲ್ಲ. ಇಪ್ಪತ್ತೇಳು ವರ್ಷವಾಯಿತು. ಈಗ ಊಟ ಸೇರುತ್ತದೆ, ಅಸಹ್ಯ ಮಾತ್ರ ಹೋಗಿಲ್ಲ.

ಅವರು ಉಗಿ ಎಂಜಿನ್ನಿನ ಬಾಯ್ಲರ್ ಫಿಟ್ಟರ್. ಹದಿನೇಳಕ್ಕೆ ರೈಲ್ವೆ ಶೆಡ್ಡಿಗೆ ಸೇರಿ, ಬಾಯ್ಲರಿನ ಹೊಟ್ಟೆಯೊಳಗೆ ತೆವಳಿ, ಹೆಪ್ಪುಗಟ್ಟಿದ ಕಿಟ್ಟವನ್ನು ಉಳಿಯಿಂದ ಕೆರೆದು ಬದುಕಿದವರು. ಡೀಸೆಲ್ ಬಂದ ಮೇಲೆ ಉಳಿದ ಎಂಜಿನ್ನುಗಳೆಲ್ಲ ಗುಜರಿಗೆ ಹೋದವು. ಒಂದನ್ನು ಮಾತ್ರ ಮಾವ ಮತ್ತು ಅವರ ಇಬ್ಬರು ಗೆಳೆಯರು ಕಂಡಕಂಡವರ ಕೈಕಾಲು ಹಿಡಿದು ಉಳಿಸಿಕೊಂಡರು. ಗೆಳೆಯರಿಬ್ಬರೂ ಎದೆಯೊಳಗಿನ ಕರಿ ಕಫದಿಂದ ಸತ್ತರು. ಎಂಜಿನ್ ಈಗಲೂ ಭಾನುವಾರ ಎಂಟು ಕಿಲೋಮೀಟರ್ ಹೋಗಿ ಎಂಟು ಕಿಲೋಮೀಟರ್ ವಾಪಸ್ ಬರುತ್ತದೆ. ಎಲ್ಲಿಗೂ ಹೋಗದ ಈ ರೈಲಿಗೆ ಜನ ಮೂರು ವಾರ ಮೊದಲೇ ಟಿಕೆಟ್ ತೆಗೆದಿಟ್ಟುಕೊಳ್ಳುತ್ತಾರೆ.

ಆ ಜನವನ್ನು ನೋಡಬೇಕು. ಕಣ್ಣು ಮುಚ್ಚಿ, ಮೂಗು ಅರಳಿಸಿ, ಹೊಗೆಯನ್ನು ಎಳೆದುಕೊಂಡು ಆಹಾ ಎನ್ನುತ್ತಾರೆ. ಅದೇ ಹೊಗೆ ಅವರ ಮನೆಯ ಪಕ್ಕದಲ್ಲಿ ಬಂದರೆ ಪೊಲೀಸರಿಗೆ ಫೋನ್ ಮಾಡುತ್ತಾರೆ. ತಾತಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಮೊಮ್ಮಗುವಿನ ಕಣ್ಣಿಗೆ ಕಿಡಿ ಬಿದ್ದು ಅದು ಬೊಬ್ಬೆ ಹೊಡೆಯುತ್ತದೆ. ಇಪ್ಪತ್ತು ವರ್ಷ ಕಳೆದು ಅದೇ ಮಗು ತನ್ನ ಮಗುವನ್ನು ಕರೆದುಕೊಂಡು ಬರುತ್ತದೆ. ಇದು ಯಾವ ರೋಗವೋ ನನಗೆ ಗೊತ್ತಿಲ್ಲ. ಸೀಟಿ ಕೇಳಿದರೆ ಪಾತ್ರೆ ತಿಕ್ಕುತ್ತಿರುವ ನನ್ನ ಕೈಯೂ ಒಂದು ಗಳಿಗೆ ನಿಲ್ಲುತ್ತದೆ. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮ ಮನೆಯಲ್ಲಿ ಈ ರೋಗ ಮೂರು ತಲೆಮಾರಿಗೆ ಹತ್ತಿದೆ. ನನ್ನ ಗಂಡ, ಅಂದರೆ ಇವರು, ಆ ರೈಲಿನ ವ್ಯವಸ್ಥಾಪಕರು. ಹಿತ್ತಾಳೆ ಗುಂಡಿಯ ಹಳೇ ಕಾಲದ ಕೋಟು ಹೊಲಿಸಿಕೊಂಡಿದ್ದಾರೆ. ಎಂಜಿನ್ನಿಗೆ ಎಣ್ಣೆ ಎಲ್ಲಿ ಬಿಡಬೇಕೆಂದು ತಿಳಿಯದು, ಮೀಸೆಗೆ ಮಾತ್ರ ತಪ್ಪದೆ ಬಿಡುತ್ತಾರೆ. ಮಗಳು ಹೋದ ವರ್ಷದಿಂದ ಅದೇ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಕೆಲಸದಲ್ಲಿದ್ದಾಳೆ. ಇಪ್ಪತ್ನಾಲ್ಕು ವರ್ಷ, ಓದಿದವಳು. ಮೈಯೆಲ್ಲ ಕಪ್ಪು ಬಳಿದುಕೊಂಡು ಬರುವ ಅವಳಿಗೆ ಮಾವ ಕಾಗೆ ಎಂದು ಹೆಸರಿಟ್ಟಿದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನನಗೂ ಮುದ್ದೇ. ಆದರೆ ಅವಳು ಸ್ನಾನ ಮಾಡಿದ ಮೇಲೆ ಆ ಬಚ್ಚಲಿಗೆ ಕಾಲಿಡಲು ಹೇಸಿಗೆಯಾಗುತ್ತದೆ.

ಮಾವನವರದು ಒಂದು ಕ್ರಮವಿತ್ತು. ಎಂಜಿನ್ನಿನ ಒಲೆಗೆ ಒಳಗೊಂದು, ಹೊರಗೊಂದು ಗೋಡೆ, ನಡುವೆ ಕುದಿಯುವ ನೀರು. ಆ ಗೋಡೆಗಳು ಬಿಟ್ಟುಕೊಳ್ಳದಂತೆ ನೂರಾರು ಸರಳುಗಳು ಹಿಡಿದಿರುತ್ತವೆ. ಪ್ರತಿ ಸರಳಿನ ಹೊರತುದಿಯಲ್ಲಿ ಸಣ್ಣದೊಂದು ತೂತು. ಸರಳು ಒಳಗೆ ಮುರಿದರೆ ಅಲ್ಲಿಂದ ನೀರು ಹನಿಯುತ್ತದೆ. ಶೆಡ್ಡಿನವರು ಅದನ್ನು ಚಾಡಿತೂತು ಎನ್ನುತ್ತಾರೆ. ಒಂದು ಮುರಿದರೆ ಅದರ ಭಾರ ಪಕ್ಕದ್ದರ ಮೇಲೆ, ಅದೂ ಹೋದರೆ ಅದರ ಪಕ್ಕದ್ದರ ಮೇಲೆ. ಕೊನೆಗೆ ಗೋಡೆಯೇ ಬಿರಿದು ಎದುರಿಗಿದ್ದವರು ಬೆಂದುಹೋಗುತ್ತಾರೆ. ಅದಕ್ಕೇ ಮಾವ ಬೆಂಕಿ ಹಾಕುವ ಮೊದಲು ಪ್ರತಿ ತೂತಿಗೂ ತಂತಿ ಆಡಿಸುತ್ತಿದ್ದರು. ಐವತ್ತೈದು ವರ್ಷ ಆಡಿಸಿದರು. ಎರಡು ವರ್ಷದ ಹಿಂದೆ ಅವರ ಕಣ್ಣು ಮಂಜಾಯಿತು. ಇವರು ಅವರನ್ನು ಪ್ಲಾಟ್‌ಫಾರ್ಮಿನ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ 'ಅಸಲಿ ಕೆಲಸಗಾರ' ಎಂಬ ಬಿಲ್ಲೆ ತೂಗಿಹಾಕಿದರು. ಬಂದವರು ಮಕ್ಕಳ ಕೈಯಿಂದ ಆ ಕರಿ ಬೆರಳುಗಳನ್ನು ಮುಟ್ಟಿಸಿ ಫೋಟೋ ತೆಗೆದುಕೊಂಡು, ಆಮೇಲೆ ಮಕ್ಕಳ ಕೈ ತೊಳೆಸುತ್ತಿದ್ದರು.

ಹೋದ ತಿಂಗಳು ಫೋಟೋಗೆಂದು ಎಂಜಿನ್ ಹತ್ತಿದ ಒಬ್ಬಾಕೆಯ ಬಿಳಿ ಬಟ್ಟೆಗೆ ಕೆಂಪು ನೀರು ಹನಿಯಿತು. ಆಕೆ ದೂರಿನ ಪುಸ್ತಕದಲ್ಲಿ ಎರಡು ಪುಟ ಬರೆದಳು. ಎಲ್ಲಿಂದ ಹನಿಯಿತು ಎಂದು ಮಾವ ಕೇಳಿದರು. ಚಾವಣಿಯಿಂದ ಎಂದರು ಇವರು.

ಮುಂದಿನ ಭಾನುವಾರ ಬೆಳಿಗ್ಗೆ ಇವರ ಪ್ಯಾಂಟು ನೆನೆಹಾಕುವ ಮೊದಲು ಜೇಬಿಗೆ ಕೈ ಹಾಕಿದೆ. ಬೆರಳಿಗೆ ಹತ್ತಿದ್ದು ಅಂಟಂಟು ಪುಟ್ಟಿ, ಅದರೊಳಗೆ ತಲೆ ಕತ್ತರಿಸಿದ ಸಣ್ಣ ಮೊಳೆಗಳು. ಇವರು ಜನ್ಮದಲ್ಲಿ ಗೋಡೆಗೊಂದು ಮೊಳೆ ಹೊಡೆದವರಲ್ಲ. ಇದೆಂಥ ಮೊಳೆ ಎಂದು ಮಾವನವರ ಅಂಗೈಗೆ ಹಾಕಿದೆ. ಅವರು ಒಂದನ್ನು ಬೆರಳಲ್ಲಿ ಹೊರಳಿಸಿದರು, ಎಲ್ಲಿ ಸಿಕ್ಕಿತೆಂದು ಕೇಳಿದರು. ಹೇಳಿದೆ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಎದ್ದು ಹೊರಟರು. ನಾನು ಒದ್ದೆ ಕೈಯಲ್ಲೇ ಹಿಂದೆ ಓಡಿದೆ.

ಶೆಡ್ಡಿನ ಬೂದಿಗುಂಡಿಯ ಮೇಲೆ ಎಂಜಿನ್ ಉಸಿರು ಬಿಡುತ್ತ ನಿಂತಿತ್ತು. ಬೇಲಿಯ ಉದ್ದಕ್ಕೂ ಜನ. ಮೇಲೆ ಒಲೆಯ ಬಾಯಿಂದ ಒಂದು ಮೊಳ ದೂರದಲ್ಲಿ ನನ್ನ ಮಗಳು ಸಲಿಕೆ ಹಿಡಿದಿದ್ದಳು. ಮಾವ ಯಾರ ಕೈಯೂ ಹಿಡಿಯದೆ ಹತ್ತಿ, ಒಲೆಯ ಗೋಡೆಗೆ ಬೆರಳಾಡಿಸಿದರು. ತೂತು ಇರಬೇಕಾದಲ್ಲೆಲ್ಲ ಹೊಸ ಕಪ್ಪು ಬಣ್ಣ ನುಣ್ಣಗಿತ್ತು. ಪ್ರೆಶರ್ ಎಷ್ಟೆಂದು ಕೇಳಿದರು. ಅರ್ಧಕ್ಕೆ ಬಂದಿದೆ ಎಂದಳು. ಇಕ್ಕಳ ಈಸಿಕೊಂಡು, ಬಣ್ಣ ಕೆರೆದು, ಮೊದಲ ಮೊಳೆ ಕಿತ್ತರು. ಬಿಸಿನೀರು ಚಿಮ್ಮಿತು. ಪಕ್ಕದ್ದು ಕಿತ್ತರು, ಚಿಮ್ಮಿತು. ಐದು ಕಿತ್ತರು, ಐದೂ ಚಿಮ್ಮಿದವು.

"ಸಾಲಾಗಿ ಐದು ಹೋಗಿವೆ," ಎಂದರು. "ಕಾಗೆ, ಬೆಂಕಿ ಕೆಡವು."

ಅಷ್ಟರಲ್ಲಿ ಇವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದರು. ಜನಕ್ಕೆ ಕೇಳಿಸದಂತೆ ಹಲ್ಲು ಕಚ್ಚಿ ಮಾತಾಡಿದರು. ಸುಮ್ಮನೆ ಜಿನುಗುತ್ತಿತ್ತಂತೆ, ಚೆನ್ನಾಗಿ ಕಾಣುತ್ತಿರಲಿಲ್ಲವಂತೆ, ಒಂದೇ ಥರ ಇರಲೆಂದು ಎಲ್ಲವನ್ನೂ ಮುಚ್ಚಿದರಂತೆ.

"ಇವತ್ತೊಂದು ಟ್ರಿಪ್ ಹೋಗಿ ಬರ್ಲಿ ಅಪ್ಪ. ಮುನ್ನೂರು ಜನ ಕಾಯ್ತಿದಾರೆ. ನಾಳೆ ರಿಪೇರಿ ಮಾಡ್ಸೋಣ."

"ಒಲೆ ಬಿರಿದ್ರೆ ಮೊದಲು ಬೇಯೋದು ನಿನ್ನ ಮಗಳು ಕಣೋ."

"ಇಷ್ಟು ದಿನ ಏನೂ ಆಗಿಲ್ವಲ್ಲ."

ನನ್ನ ಗಂಡ ಕಟುಕನಲ್ಲ. ಮಗಳಿಗೆ ಜ್ವರ ಬಂದರೆ ತಾವು ಊಟ ಬಿಡುವ ಮನುಷ್ಯ. ಆ ಎಂಜಿನ್ ಸುಡುತ್ತದೆ ಎಂಬುದನ್ನೇ ಅವರು ನಂಬಿರಲಿಲ್ಲ, ಅದು ಅವರಿಗೊಂದು ಕ್ಯಾಲೆಂಡರಿನ ಚಿತ್ರ. ಕೊಲ್ಲಬೇಕೆಂದು ಮಾಡಿದ್ದರೂ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ. ಕೆಳಗಿಳಿದು ಬಾ ಎಂದು ನಾನು ಮಗಳನ್ನು ಕೂಗಿದೆ. ಇನ್ನಷ್ಟು ಕಲ್ಲಿದ್ದಲು ಹಾಕು ಎಂದು ಇವರು ಕೂಗಿದರು. ಅವಳು ತಾತನ ಮುಖವೊಂದನ್ನೇ ನೋಡಿದಳು. ಬಾಯ್ಲರಿಗೆ ನೀರು ಬಿಟ್ಟು, ಎರಡೂ ಕೈಯಿಂದ ಒಲೆಯ ತಳದ ಸನ್ನೆಗೋಲು ಎಳೆದಳು.

ಒಲೆಯ ತಳ ತೆರೆದು ಬೆಂಕಿಯೆಲ್ಲ ಧೊಪ್ಪೆಂದು ಗುಂಡಿಗೆ ಬಿತ್ತು. ಕಿಡಿ ಎರಡಾಳೆತ್ತರ ಎದ್ದಿತು. ಬೂದಿ, ಗಂಧಕದ ನಾತ, ಬಿಳಿ ಉಗಿ, ಅದರ ನಡುವೆ ತಾತ ಮೊಮ್ಮಗಳು ಕೆಮ್ಮುತ್ತ ನಿಂತಿದ್ದರು. ಬದುಕಿದ್ದರು. ಬೇಲಿಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ಎಲ್ಲರ ಕೈಯಲ್ಲೂ ಫೋನು. ಒಬ್ಬ ಮುದುಕ ಮೊಮ್ಮಗನನ್ನು ಎತ್ತಿ ಹಿಡಿದು, ನೋಡು ನೋಡು ಎನ್ನುತ್ತಿದ್ದ.

ಇವರ ಮುಖ ಮೊದಲು ಬಿಳುಚಿತು. ಚಪ್ಪಾಳೆ ನಿಲ್ಲದ್ದನ್ನು ಕಂಡು ಟೋಪಿ ಸರಿಮಾಡಿಕೊಂಡು, ಮೈಕು ತೆಗೆದುಕೊಂಡು, ಹಳೇ ಕಾಲದಲ್ಲಿ ಬೆಂಕಿ ಕೆಡವುತ್ತಿದ್ದ ಬಗೆಯನ್ನು ಇವತ್ತು ವಿಶೇಷವಾಗಿ ತೋರಿಸಲಾಯಿತೆಂದು ಘೋಷಿಸಿದರು. ಆಮೇಲೆ ನಮ್ಮ ಹತ್ತಿರ ಬಂದರು. ಮಾವ ಎಂಜಿನ್ನಿನ ಮೆಟ್ಟಿಲ ಮೇಲೆ ಕೂತು ಸುಟ್ಟ ಬೆರಳುಗಳಿಗೆ ಊದಿಕೊಳ್ಳುತ್ತಿದ್ದರು.

"ಜನಕ್ಕೆ ತುಂಬಾ ಹಿಡಿಸ್ತು ಅಪ್ಪ. ಇದನ್ನ ಪ್ರತಿ ವಾರ ಇಟ್ಕೊಂಡ್ರೆ ಹೇಗೆ?"

ಮಾವ ಮಗನ ಕಡೆ ತಿರುಗಲಿಲ್ಲ. ನನ್ನೊಡನೆ ಮಾತಾಡಿದರು.

"ಚಿಕ್ಕವನಿದ್ದಾಗ ಬಟ್ಟೆ ಕೊಳೆಯಾಗುತ್ತೆ ಅಂತ ಇವನನ್ನ ಹತ್ತಿರ ಬಿಡ್ತಿರಲಿಲ್ಲಮ್ಮ. ಆ ಬೇಲಿ ಆಚೆ ನಿಲ್ಲಿಸಿ ಹೊಗೆ ತೋರಿಸ್ತಿದ್ದೆ. ನಾನೇ ತೋರಿಸ್ತಿದ್ದೆ."

ಬೇಲಿಯ ಆಚೆಯಿಂದ ಜನ ಇನ್ನೊಂದು ಸಲ ಮಾಡಿ ಎಂದು ಕೂಗುತ್ತಿದ್ದರು.