ತಾವರೆ ಕದ್ದ ಗುರುವಾರ

ಕಳೆದ ವಾರ ಷಿಕಾಗೋದ ಡೆವನ್ ಅವೆನ್ಯೂವಿನ ಅಂಗಡಿಯೊಂದರಲ್ಲಿ, ವೀಳ್ಯದೆಲೆಯ ಕಟ್ಟುಗಳ ಪಕ್ಕ, ತಾವರೆ ಮೊಗ್ಗುಗಳನ್ನು ಐಸಿನ ಮೇಲೆ ಮಲಗಿಸಿಟ್ಟಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನವಿತ್ತು. ನನ್ನ ಹೆಂಡತಿ ಸುಧಾ ಎರಡು ಮೊಗ್ಗು ಎತ್ತಿಕೊಂಡಳು. ನನ್ನ ಮುಖ ನೋಡಿ ಒಂದನ್ನು ವಾಪಸಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದನ್ನೂ ಇಟ್ಟಳು. ಸೇವಂತಿಗೆ ಹಿಡಿದು ಸ್ಕೋಕಿಯ ನಮ್ಮ ಮನೆಗೆ ಬಂದೆವು.

ಏಕೆಂದು ಹೇಳಬೇಕಾದರೆ ನಿಮ್ಮನ್ನು ಒಂದು ದ್ವೀಪಕ್ಕೆ ಕರೆದೊಯ್ಯಬೇಕು. ನಾವು ಆಗ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿದ್ದೆವು. ಅಲ್ಲಿಂದ ಗಂಟೆಯ ದಾರಿ, ಆಮೇಲೆ ಹತ್ತು ಹನ್ನೆರಡು ಕಾರು ಹಿಡಿಯುವ ಒಂದು ಫೆರಿ. ದ್ವೀಪದಲ್ಲಿ ನೋಡಲು ಇದ್ದದ್ದು ಮೂರು: ಬಣ್ಣ ಹೋದ ಲೈಟ್‌ಹೌಸು, ಕೈಗೆ ಸಿಕ್ಕೀತೆನ್ನುವಷ್ಟು ಹತ್ತಿರದಲ್ಲಿ ಹಾದುಹೋಗುವ ಅದಿರಿನ ಹಡಗುಗಳು, ಆಗಸ್ಟಿನಲ್ಲಿ ಜೌಗಿನ ತುಂಬ ಅರಳುವ ತಿಳಿಹಳದಿ ತಾವರೆಗಳು. ಜೌಗಿನ ಎದುರಿಗೆ, ರಸ್ತೆಯ ಆಚೆ, ಒಂದು ಪಬ್ಬು. ಡೇಲ್ ಮತ್ತು ರಾನ್ ಎಂಬ ಅಣ್ಣತಮ್ಮಂದಿರದು. ಅವರ ಅಜ್ಜ ಕಟ್ಟಿಸಿದ್ದು. ಅಣ್ಣ ಡೇಲ್ ಕೌಂಟರಿನಲ್ಲಿ, ತಮ್ಮ ರಾನ್ ಅಡುಗೆಮನೆಯಲ್ಲಿ, ಡೇಲನ ಹೆಂಡತಿ ಮಾರ್ಸಿ ಎಲ್ಲ ಕಡೆ.

ನಮ್ಮಂಥ ಪುಳಿಚಾರು ಮಂದಿಗೆ ಪಬ್ಬಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮತ್ತೆಯೂ ಕೇಳಿಯಾರೆಂದು ಹೆದರಿ ಅವರಿಗೆ ಫೋನಿನಲ್ಲಿ ‘ಹೋಟೆಲು’ ಎಂದೇ ಹೇಳುತ್ತಿದ್ದೆವು. ಮೊದಲ ಸಲ ಹೋದಾಗ ಸುಧಾ, ಆಲೂಗಡ್ಡೆಯನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ರಾನ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅವಳನ್ನು ಒಳಕ್ಕೆ ಕರೆದೊಯ್ದು ಹೊಸ ಎಣ್ಣೆ, ಬೇರೆ ಬಾಣಲೆ ತೋರಿಸಿದ. ಆ ಬಾಣಲೆ ಆಮೇಲೆ ನಮ್ಮದೇ ಆಯಿತು. ನಾವು ಒಳಗೆ ಕಾಲಿಟ್ಟರೆ ಸಾಕು, ಕಿಂಡಿಯಿಂದ ಕೂಗುತ್ತಿದ್ದ: “ಬನ್ನಿ ಬನ್ನಿ, ನಿಮ್ಮ ಆಲೂಗಡ್ಡೆ ಇವತ್ತಿನವರೆಗೂ ಮೀನಿನ ಮುಖ ನೋಡಿಲ್ಲ.” ಅವರೆಲ್ಲ ಇಂಗ್ಲಿಷಿನಲ್ಲಿ ಆಡಿದ್ದು ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ. ಕೆಲವರ ಮಾತು ಹಾಗೆ.

ಪಬ್ಬಿನ ಒಂದು ಗೋಡೆಯ ತುಂಬ ತೀರಿಕೊಂಡವರ ಫೋಟೋ ಇದ್ದವು. ಅಜ್ಜ, ಅಪ್ಪ, ಚಿಕ್ಕಮ್ಮಂದಿರು, ಮೂವತ್ತು ವರ್ಷ ಒಂದೇ ಸ್ಟೂಲಿನಲ್ಲಿ ಕೂತ ಗಿರಾಕಿಗಳು. “ಗೋಡೆ ತುಂಬೋಯ್ತು, ಇನ್ಮೇಲೆ ಯಾರೂ ಸಾಯೋ ಹಾಗಿಲ್ಲ,” ಎನ್ನುತ್ತಿದ್ದ ಡೇಲ್. ಅದೇ ಉಸಿರಿನಲ್ಲಿ ನಮಗೂ ಒಂದು ಎಚ್ಚರಿಕೆ: “ತಾವರೆ ನೋಡಿ, ಕೀಳಬೇಡಿ. ಕಾನೂನಿದೆ.”

ಆಮೇಲೆ ಎಲ್ಲರ ಕೆಲಸಗಳೂ ಹೋಗತೊಡಗಿದ ಆ ವರ್ಷಗಳು ಬಂದವು. ರಿಸೆಷನ್ ಎಂಬ ಪದವನ್ನು ನಮ್ಮ ಮಗಳು ಅನಘಾ ಐದನೇ ಕ್ಲಾಸಿನಲ್ಲೇ ಸರಿಯಾಗಿ ಬರೆಯುತ್ತಿದ್ದಳು. ಕನ್ನಡದವರು ಸೇರಿದಲ್ಲೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದೆವು. ಹೊಸ ಸೀರೆ ಉಟ್ಟರೂ ಅನುಮಾನ, ಹಳೆಯದು ಉಟ್ಟರೂ ಅನುಮಾನ. ನಾನು ಕಾರಿನ ಬಾಗಿಲ ಕೀಲುಗಳನ್ನು ತಪಾಸಣೆ ಮಾಡುವ ಕಂಪನಿಯಲ್ಲಿದ್ದೆ. ಅಲ್ಲಿ ಯಾರಾದರೂ ಮೇಜಿನ ಮೇಲಿನ ಹೆಂಡತಿ ಮಕ್ಕಳ ಫೋಟೋ ಚೀಲಕ್ಕೆ ಹಾಕಿಕೊಂಡರೆಂದರೆ ಅವರಿಗೆ ಏನೋ ಗೊತ್ತಾಗಿದೆ ಎಂದು ಅರ್ಥ. ಮೂರು ಸಲ ನೋಡಿದ್ದೆ. ಮೂರು ಸಲವೂ ಮುಂದಿನ ವಾರ ಆ ಕುರ್ಚಿ ಖಾಲಿ. ಆ ಬೇಸಿಗೆಯಲ್ಲಿ ಡೇಲನ ಪಬ್ಬಿನ ಅರ್ಧ ಕುರ್ಚಿಗಳೂ ಖಾಲಿ ಇದ್ದವು. ಮುಚ್ಚಿಬಿಡೋಣ ಎಂದು ರಾನ್, ಆಗದು ಎಂದು ಡೇಲ್, ಅಡುಗೆಮನೆಯಲ್ಲಿ ವಾದ ಮಾಡುವುದು ಹೊರಗೆ ಕೇಳುತ್ತಿತ್ತು.

ಆಗಸ್ಟಿನಲ್ಲಿ ನಮಗೆ ಗುರುವಾರ ಶುಕ್ರವಾರ ಕಡ್ಡಾಯ ರಜೆ ಕೊಟ್ಟರು. ಹಬ್ಬದ ಹಿಂದಿನ ಗುರುವಾರ ಬೆಳಗ್ಗೆ, ಊಟಕ್ಕೆ ಬರುತ್ತೇವೆಂದು ಹೇಳಲು ಪಬ್ಬಿಗೆ ಫೋನ್ ಮಾಡಿದೆ.

“ಇವತ್ತು ಮುಚ್ಚಿದೀವಿ. ಬರಬೇಡಿ,” ಎಂದ ಡೇಲ್. ಅಷ್ಟೇ. ಒಂದು ತಮಾಷೆಯಿಲ್ಲ.

“ಪಬ್ ಮುಚ್ಚಿದ್ರೆ ತಾವರೆನೂ ಮುಚ್ಚಿರತ್ತಾ? ನಡೀರಿ,” ಎಂದಳು ಸುಧಾ. ಲಕ್ಷ್ಮಿಗೆ ತಾವರೆ ಇಟ್ಟರೆ ನನ್ನ ಕೆಲಸ ಉಳಿಯುತ್ತದೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಬೇಡ ಎನ್ನಲಿಲ್ಲ.

ಕಾರನ್ನು ಲೈಟ್‌ಹೌಸಿನ ಹತ್ತಿರ ನಿಲ್ಲಿಸಿದೆವು. “ದಿಸ್ ಈಸ್ ಸ್ಟೀಲಿಂಗ್,” ಎಂದು ಮಗಳು ಕಿಟಕಿ ಏರಿಸಿಕೊಂಡು ಕೂತಳು. ನಾವಿಬ್ಬರೂ ಜೊಂಡಿನ ನಡುವೆ ಬಗ್ಗಿ ಹೋದೆವು. ಐವತ್ತರ ಹತ್ತಿರದ ಗಂಡಸು ನಾನು, ಪ್ಯಾಂಟು ಮಡಚಿಕೊಂಡು, ಕೈಯಲ್ಲಿ ತರಕಾರಿ ಚಾಕು. ಒಂದು ಹೂವು ಕೊಯ್ದು ಸುಧಾಳ ಕೈಗೆ ಕೊಟ್ಟು ತಲೆ ಎತ್ತಿದರೆ, ರಸ್ತೆಯ ಆಚೆ ಪಬ್ಬಿನ ಬಾಗಿಲು ತೆರೆದಿತ್ತು. ಎರಡು ಗಂಟೆ ಹತ್ತು ನಿಮಿಷ. ರಾನ್ ಒಳಗಿನಿಂದ ಫೋಟೋಗಳನ್ನು ಒಂದೊಂದಾಗಿ ತಂದುಕೊಡುತ್ತಿದ್ದ. ಡೇಲ್ ಟ್ರಕ್ಕಿನಲ್ಲಿ ಕಂಬಳಿ ಹಾಸಿ ಜೋಡಿಸುತ್ತಿದ್ದ. ಹತ್ತೊಂಬತ್ತು ಎಣಿಸಿದೆ. ಕೊನೆಯದನ್ನು, ಮಾವನ ಫೋಟೋವನ್ನು, ಮಾರ್ಸಿ ಮೇಜುಬಟ್ಟೆಯಲ್ಲಿ ಸುತ್ತಿ ಮುಂದಿನ ಸೀಟಿನಲ್ಲಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಮೈಸೂರಿನಲ್ಲಿ ನಾವು ಮನೆ ಖಾಲಿ ಮಾಡಿದಾಗ ನಮ್ಮಮ್ಮ ಹಾಗೆಯೇ ಕೂತಿದ್ದರು. ಸಾಮಾನೆಲ್ಲ ಲಾರಿಯಲ್ಲಿ, ತಾತನ ಫೋಟೋ ಮಾತ್ರ ಜಟಕಾದಲ್ಲಿ ಅವರ ತೊಡೆಯ ಮೇಲೆ. ಹಿರಿಯರು ಸಾಮಾನಿನ ಜೊತೆ ಹೋಗಬಾರದು.

“ಇವರು ಜಾಗ ಖಾಲಿ ಮಾಡ್ತಿದಾರೆ ಕಣೆ,” ಎಂದೆ.

“ನಮ್ಮನ್ನ ನೋಡೋದಕ್ಕೆ ಮುಂಚೆ ನಾವು ಜಾಗ ಖಾಲಿ ಮಾಡೋಣ,” ಎಂದಳು ಸುಧಾ, ಹೂವನ್ನು ಸೆರಗಿನಡಿ ಮುಚ್ಚಿಕೊಂಡು.

ಹನ್ನೊಂದು ದಿನದ ಮೇಲೆ, ಪಬ್ಬಿಗೆ ವಾರದ ರಜೆಯಿರುವ ಸೋಮವಾರ ಮಧ್ಯಾಹ್ನ, ಅದು ಸುಟ್ಟುಹೋಯಿತು. ಒಳಗೆ ಯಾರೂ ಇರಲಿಲ್ಲ. ಮತ್ತೊಂದು ವಾರಕ್ಕೆ ವಿಮೆಯ ಕಡೆಯ ತನಿಖೆಗಾರನೊಬ್ಬ ಫೋನ್ ಮಾಡಿದ. ಪಬ್ಬಿಗೆ ಬಂದ ಕರೆಗಳ ಪಟ್ಟಿಯಲ್ಲಿ ನನ್ನ ನಂಬರು ಸಿಕ್ಕಿತ್ತು. ಬಹಳ ವಿನಯದ ದನಿ. ಡೇಲ್ ಬರಬೇಡಿ ಎಂದದ್ದನ್ನು ಹೇಳಿದೆ. ಆದರೂ ಹೋದಿರಾ ಎಂದು ಕೇಳಿದ. ಹೋದೆ ಎಂದೆ. ಏನು ನೋಡಿದಿರಿ ಎಂದ. ಗಂಟೆ, ಟ್ರಕ್ಕು, ಕಂಬಳಿ, ಹತ್ತೊಂಬತ್ತು ಎಲ್ಲ ಹೇಳಿದೆ. ನನ್ನ ಕಸುಬೇ ಅದು, ಕಂಡದ್ದನ್ನು ಕಂಡಷ್ಟೇ ಹೇಳುವುದು. ಅಲ್ಲಿಗೆ ನಿಲ್ಲಿಸಬೇಕಿತ್ತು.

“ಅದನ್ನ ನೋಡಿ ನಿಮಗೇನನ್ನಿಸ್ತು?”

“ಅವರು ಇನ್ನು ಅಲ್ಲಿಗೆ ವಾಪಸ್ ಬರೋದಿಲ್ಲ ಅನ್ನಿಸ್ತು. ಮನೆ ಬಿಡುವಾಗ ಮಾತ್ರ ಹಿರಿಯರ ಫೋಟೋ ತೆಗೀತಾರೆ.”

ಕೀಬೋರ್ಡು ಟಕಟಕ ಎಂದದ್ದು ಕೇಳಿಸಿತು. ತಾವರೆಯ ವಿಷಯ ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.

ನನ್ನ ಕೆಲಸ ನವೆಂಬರಿನಲ್ಲಿ ಹೋಯಿತು. ಷಿಕಾಗೋ ಕಡೆ ಬೇರೆ ಸಿಕ್ಕಿತು. ನಾಲ್ಕು ವರ್ಷದ ಮೇಲೆ, ಡೆಟ್ರಾಯಿಟ್ ಕಡೆ ಒಂದು ಮದುವೆಗೆ ಹೋದವರು, ಮನಸ್ಸು ತಡೆಯದೆ ದ್ವೀಪಕ್ಕೆ ಹೊರಟೆವು. ಫೆರಿಯ ಟಿಕೆಟ್ ಗೂಡಿನಲ್ಲಿ ಮಾರ್ಸಿ ಕೂತಿದ್ದಳು. ಗುರುತು ಹಿಡಿದು ಹೊರಗೆ ಬಂದು ಸುಧಾಳನ್ನು ತಬ್ಬಿಕೊಂಡಳು. ಪಬ್ಬಿನ ಜಾಗದಲ್ಲಿ ಬರೀ ಹುಲ್ಲು ಎಂದಳು. ವಿಮೆಯವರು ಕ್ಲೇಮು ತಳ್ಳಿಹಾಕಿದ್ದರು.

“ಫೋಟೋ ಯಾಕೆ ಮೊದಲೇ ಸಾಗಿಸಿದ್ರಿ ಅಂದ್ರು. ಪ್ರತಿ ವರ್ಷ ಒಂದು ದಿನ ಮುಚ್ಚಿ, ನಮ್ಮನೆಗೆ ತಗೊಂಡು ಹೋಗಿ ಎಣ್ಣೆ ಜಿಡ್ಡು ತೊಳೀತೀವಿ. ಮನೆಯವರು ಮಾತ್ರ ಮಾಡೋ ಕೆಲಸ ಅದು, ನಮ್ಮ ಮಾವ ಮಾಡಿಟ್ಟ ನಿಯಮ. ಆ ಸಲ ತೊಳೆದಿದ್ದೂ ಆಗಿತ್ತು, ವಾಪಸ್ ತಗುಲಿಹಾಕೋದು ಬಾಕಿ. ನಾವು ಇನ್ನು ವಾಪಸ್ ಬರಲ್ಲ ಅಂತ ಯಾರೋ ಹೇಳಿದ್ರಂತೆ.”

“ಯಾರು?” ಎಂದು ಕೇಳಿದ್ದು ನಾನೇ.

“ಇನ್ಯಾರು? ಆ ದಿನ ಅಲ್ಲಿದ್ದಿದ್ದು ನಾವು ಮೂರೇ ಜನ. ಮುಚ್ಚೋಣ ಮುಚ್ಚೋಣ ಅಂತಿದ್ದವನು ರಾನ್. ಡೇಲ್ ಅವತ್ತಿಂದ ಅವನ ಮುಖ ನೋಡಿಲ್ಲ.”

ಸುಧಾ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಹೇಳು ಎಂದೋ ಬೇಡ ಎಂದೋ ನನಗೆ ಇವತ್ತಿಗೂ ತಿಳಿಯದು. ನಾನು ಹೇಳಲಿಲ್ಲ. ಮಾರ್ಸಿ ಚೀಟಿಯಲ್ಲಿ ಮನೆಯ ನಂಬರು ಬರೆದುಕೊಟ್ಟಳು. ಫೆರಿ ಹತ್ತದೆ ತಿರುಗಿ ಬಂದೆವು.

ನಿಜ ಹೇಳುತ್ತೇನೆ, ಬೆಂಕಿ ತಾನಾಗಿ ಹತ್ತಿತೋ ಇಲ್ಲವೋ ನನಗೆ ಗೊತ್ತಿಲ್ಲ. ತೊಳೆದ ಫೋಟೋಗಳು ಹನ್ನೊಂದು ದಿನವಾದರೂ ಗೋಡೆಗೆ ಏಕೆ ಬರಲಿಲ್ಲ ಎಂದು ಈಗಲೂ ಅನುಮಾನ ಬರುತ್ತದೆ. ಡೇಲನ ಆ ಬೆಳಗಿನ ದನಿಯೂ ಮರೆತಿಲ್ಲ. ಇಷ್ಟು ವರ್ಷ ಈ ಅನುಮಾನವನ್ನು ಜೋಪಾನವಾಗಿ ಸಾಕಿಕೊಂಡು ಬಂದೆ. ಅದು ಇರುವವರೆಗೆ ನನ್ನ ತಪ್ಪು ಚಿಕ್ಕದಾಗಿ ಕಾಣುತ್ತಿತ್ತು. ಆದರೆ ರಾನ್ ಆ ಮಾತು ಹೇಳಲಿಲ್ಲ ಎನ್ನುವುದು ಅನುಮಾನವಲ್ಲ. ಅದು ಗೊತ್ತಿರುವವರು ನಾನು, ಸುಧಾ ಇಬ್ಬರೇ.

ಡೆವನ್‌ನಿಂದ ಬಂದು ಸೇವಂತಿಗೆಯನ್ನು ಫ್ರಿಜ್ಜಿಗಿಟ್ಟ ಮೇಲೆ ಸುಧಾ ಫೋನನ್ನು ತಂದು ನನ್ನ ಮುಂದೆ ಇಟ್ಟಳು. ಹಿಂದೆಯೇ ಮಾರ್ಸಿಯ ಚೀಟಿ. “ಈಗಲಾದ್ರೂ ಮಾಡಿ. ನಿಮಗೂ ಅರವತ್ತು ದಾಟ್ತು, ಅವರಿಗೆ ಎಷ್ಟಾಗಿರತ್ತೋ.”

ಮಾರ್ಸಿಯೇ ಎತ್ತಿದಳು. ಜೊಂಡಿನಲ್ಲಿ ಬಗ್ಗಿ ನಿಂತದ್ದರಿಂದ ಹಿಡಿದು ತನಿಖೆಗಾರನಿಗೆ ನಾನು ಹೇಳಿದ ಮಾತಿನವರೆಗೆ ಎಲ್ಲ ಹೇಳಿದೆ. ಅವಳು ನಡುವೆ ತಡೆಯಲಿಲ್ಲ.

“ರಾನ್ ಮನೆ ಇಲ್ಲಿಂದ ಎರಡು ಮೈಲಿ,” ಎಂದಳು ಕೊನೆಗೆ. “ಹೋದ ಚಳಿಗಾಲ ಅವನಿಗೆ ಹಾರ್ಟ್ ಆಪರೇಷನ್ ಆಯ್ತು. ನಾವು ಹೋಗಲಿಲ್ಲ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಲೈನಲ್ಲೇ ಇರಿ. ಇದನ್ನ ಡೇಲ್‌ಗೆ ನಾನು ಹೇಳಲ್ಲ. ನೀವೇ ಹೇಳಿ.”

ಅಲ್ಲಿ ಕುರ್ಚಿ ಸರಿದ ಸದ್ದು, ನಿಧಾನದ ಹೆಜ್ಜೆಗಳು. ಯಾರೋ ಟೀವಿಯ ದನಿ ತಗ್ಗಿಸಿದರು. ಆಮೇಲೆ ಒಬ್ಬ ಮುದುಕನ ಉಸಿರು ಹತ್ತಿರ ಬಂತು.

“ಯಾರು?” ಎಂದ ಡೇಲ್.

ನಾನು ನನ್ನ ಹೆಸರು ಹೇಳಿದೆ.